ಭಾವುಸಾಹೇಬರ ಕಟ್ಟೆಯ ಮೇಲೆ ಸುಮ್ಮನೆ ಕೂತದ್ದು

ನಾನು ಕೂತರೆ ಊರು ಕೂರುತ್ತದೆ. ಬಡಾಯಿ ಅನ್ನಬೇಡಿ, ಇದೊಂದು ಜಡ್ಡು. ತಂಬಾಕಿಗೆ ದರ ಕೇಳಿ ಹೆದ್ದಾರಿಯ ಮೇಲೆ ಧರಣಿ ಕೂತಾಗ ಅಂಟಿಕೊಂಡದ್ದು, ಇನ್ನೂ ಬಿಟ್ಟಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ ನಿಪ್ಪಾಣಿಯಲ್ಲಿ ಮನೆ ಸಿಗದ ಕಾಲ ಬಂತು. ಬೆಳಿಗ್ಗೆ ಯಾರಾದರೂ ಚಹಾದಂಗಡಿಯಲ್ಲಿ ‘ಮನಿ ಮಾರಬೇಕು’ ಎಂದು ಕೆಮ್ಮಿದರೆ ಸಾಕು, ಸಂಜೆಗೆ ವ್ಯಾಪಾರಿಗಳ ಜೀಪು ಅವನ ಬಾಗಿಲಲ್ಲಿ. ನಾವಿದ್ದದ್ದು ತಂಬಾಕು ತುಂಬಿಡುವ ವಖಾರಿಗೆ ಅಂಟಿದ ಬಾಡಿಗೆ ಖೋಲಿ. (ಒಗ್ಗರಣೆ ಹಾಕುವ ಮೊದಲೇ ಸೀನು ಬರುತ್ತಿತ್ತು.) ದೀಪಾವಳಿಯೊಳಗೆ ಅದನ್ನೂ ಖಾಲಿ ಮಾಡಿ ಎಂದು ಮಾಲೀಕ ಹೇಳಿಬಿಟ್ಟಿದ್ದ.

ನನ್ನ ಹೆಂಡತಿ ರುಕ್ಮವ್ವ ಎಲ್ಲಿಂದಲೋ ಗುಪ್ತ ಸುದ್ದಿ ಅಗೆದು ತಂದಳು. ತಂಬಾಕು ತೂಗುತ್ತಿದ್ದ ಭಾವುಸಾಹೇಬರು ಮನೆ ಮಾರುವವರಿದ್ದಾರೆ, ಯಾರಿಗೂ ಹೇಳಿಲ್ಲ, ನಮಗೇ ಕೊಡುತ್ತಾರೆ. ಆದರೆ ಮಹಾ ಪುಕ್ಕಲು ಮನುಷ್ಯ. “ಗದ್ದಲ ಆದ್ರ ನಾ ಒಲ್ಲೆ” ಎಂದಿದ್ದರಂತೆ.

“ಬಾಯಿ ಮುಚಗೊಂಡ ಹೋಗ್ರಿ, ಬಾಯಿ ಮುಚಗೊಂಡ ಬರ್ರಿ,” ಎಂದಳು ರುಕ್ಮವ್ವ. “ಘೋಷಣಾ ಗೀಷಣಾ ಹಾಕಿದ್ರ ನೋಡ್ರಿ ಮತ್ತ!”

“ಮನಿ ತಗೊಳ್ಳಾಕ ಹೋದಾವ ಯಾವನರ ಘೋಷಣಾ ಹಾಕ್ತಾನೇನ ಬೇ?”

“ನೀವ ಹಾಕ್ತೀರಿ. ತೊಟ್ಟಲದಾಗಿನ ಕೂಸಿನ ಕಿವ್ಯಾಗ ಹೆಸರ ಹೇಳೂದು ಬಿಟ್ಟು ಝಿಂದಾಬಾದ್ ಅಂದಾವರ ನೀವು.”

ಮುಂಗಡದ ಗಂಟನ್ನು ಧೋತರದ ಒಳಗೆ ಹೊಟ್ಟೆಗೆ ಬಿಗಿದುಕೊಂಡು ಹೋದೆ. ಭಾವುಸಾಹೇಬರು ಪೂಜೆಯಲ್ಲಿದ್ದರು, ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಕೂತೆ. ನಾನು ಮಾಡಿದ್ದು ಇಷ್ಟೇ.

ನನ್ನ ಜೊತೆ ಜೈಲು ಕಂಡಿದ್ದ ಜ್ಞಾನದೇವ ಆ ಹಾದಿಯಲ್ಲಿ ಬಂದ. “ಯಾಕ ವಿರುಪಾಕ್ಷಣ್ಣಾ, ಇಲ್ಲಿ ಕುಂತೀ?”

“ಸುಮ್ಮನ ಕುಂತೀನಿ.”

ತಪ್ಪಿದ್ದು ಅಲ್ಲೇ. ಹೆದ್ದಾರಿಯಲ್ಲಿ ಫೌಜದಾರ ಕೇಳಿದಾಗಲೂ ನಾನು ಇದೇ ಮಾತು ಹೇಳಿದ್ದೆ. ಜ್ಞಾನದೇವನ ಮುಖ ಅರಳಿತು. ಟವೆಲ್ ಝಾಡಿಸಿ ಪಕ್ಕದಲ್ಲಿ ಕೂತ.

“ನೀ ಹೋಗಪಾ, ನಿನಗ ಕೆಲಸ ಇರ್ತಾವ.”

“ನಿನ್ನ ಒಬ್ಬನ್ನ ಬಿಟ್ಟ ಹ್ಯಾಂಗ ಹೋಗ್ಲಿ? ಹಿಂದ ಎಂದರ ಹೋಗೇನೇನ?”

ಬೀಡಿ ಕಟ್ಟುವ ಹೆಂಗಸರನ್ನು ಕಟ್ಟಿಕೊಂಡು ಅಕ್ಕುತಾಯಿ ಬಂದಳು. ನಮ್ಮಿಬ್ಬರನ್ನು ನೋಡಿದವಳೇ ಬುಟ್ಟಿ ಇಳಿಸಿ ಕೂತಳು, ಉಳಿದವರೂ ಕೂತರು. ಯಾರೋ ಜಮಖಾನೆ ಹಾಸಿದರು. ಯಾರೋ ಚಹಾಕ್ಕೆ ಒಲೆ ಹೂಡಿದರು. ಬೇಡಿಕೆ ಏನೆಂದು ಒಬ್ಬರೂ ಕೇಳಲಿಲ್ಲ. (ಹೋರಾಟಗಾರರಲ್ಲಿ ಅದನ್ನು ಕೇಳಿದರೆ ಹಿಂದಿನ ಸಭೆಗೆ ಚಕ್ಕರ್ ಹೊಡೆದದ್ದು ಬಯಲಾಗುತ್ತದೆ.) ನೋಡನೋಡುತ್ತ ಓಣಿ ತುಂಬಿತು.

ಪೂಜೆ ಮುಗಿಸಿದ ಭಾವುಸಾಹೇಬರು ಕಿಟಕಿ ತೆರೆದು ಚೀರಿದರು: “ಅರೇ ದೇವಾ! ನಾ ಮನಿ ಮಾರೂದು ಇಡೀ ಊರಿಗೆ ಯಾರ ಹೇಳಿದ್ರೋ?”

ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅಕ್ಕುತಾಯಿ ಎದ್ದು ನಿಂತಳು. “ಮಾರ್ತೀರಿ? ಅದೂ ಕದ್ದು? ದಿನಾ ಬೀಡಿ ಕೊಟ್ಟು ಬರೂಮುಂದ ನಾವು ಕುಂಡ್ರೂದು ಈ ಕಟ್ಟಿ ಮ್ಯಾಲ. ತಗೊಂಡಾವ ಜಾಳಿ ಬಡದ್ರ ನಾವೆಲ್ಲಿ ಕುಂಡ್ರೂನು?” (ಕಟ್ಟೆಗೆ ಕಬ್ಬಿಣದ ಜಾಳಿ ಬಡಿಯುವುದು ರುಕ್ಮವ್ವನ ಮೊದಲ ಯೋಜನೆಯಾಗಿತ್ತು.)

“ಯಾಂವ ಅಂವ ಕಳ್ಳ ಗಿರಾಕಿ?” ಜ್ಞಾನದೇವ ಗುಡುಗಿದ. “ಹೊರಗ ಎಳೀರಿ ಅವನ್ನ!”

ಹೊಟ್ಟೆಯ ಮೇಲಿನ ಗಂಟು ಕೆಂಡದಂತೆ ಸುಡತೊಡಗಿತು. ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡವನ ಮೇಲೇ ಸಂಶಯ ಬರುತ್ತದೆಂದು ನನಗೆ ಅನುಭವದಿಂದ ಗೊತ್ತು. ಕಟ್ಟೆ ಏರಿದೆ.

“ಗುಪ್ತ ವ್ಯವಹಾರಕ್ಕ—”

“ಧಿಕ್ಕಾರ!”

“ಕಳ್ಳ ಗಿರಾಕಿಗೆ—”

“ಧಿಕ್ಕಾರ!”

ಸುಳ್ಳು ಯಾಕೆ ಹೇಳಲಿ, ಬಹಳ ವರ್ಷಗಳ ನಂತರ ದನಿ ಅಷ್ಟು ಚೆನ್ನಾಗಿ ಎದ್ದಿತ್ತು. ನನ್ನ ವಿರುದ್ಧ ಯಾವ ಸರ್ಕಾರವೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಭಾವುಸಾಹೇಬರು ಹೊರಬಂದು ಕೈ ಮುಗಿದರು. “ಚಿಂಚಲಿ ಮಾಯಕ್ಕನ ಆಣಿ, ಈ ಮನಿ ನಾ ಯಾರಿಗೂ ಮಾರೂದಿಲ್ಲ. ಕಟ್ಟಿ ನಿಮ್ಮದ. ಆದ್ರ ವಿರುಪಾಕ್ಷಪ್ಪಾ, ನಾ ನಿನಗ—”

“ಭಾವುಸಾಹೇಬರಿಗೆ!” ಎಂದು ನಾನು ಅರಚಿದೆ.

“ಝಿಂದಾಬಾದ್!” ಎಂದಿತು ಓಣಿ. ಅವರ ಉಳಿದ ಮಾತು ಅದರಲ್ಲಿ ಮುಳುಗಿತು. ನನ್ನ ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು.

ಅಷ್ಟರಲ್ಲಿ ರುಕ್ಮವ್ವ ಬಂದಳು. ನಾನು ಇನ್ನೂ ಮರಳದ್ದನ್ನು ನೋಡಿ ವ್ಯವಹಾರ ಕುದುರಿತೆಂದುಕೊಂಡು, ಹೊಸ ಮನೆಯಲ್ಲಿ ಉಕ್ಕಿಸಲು ತಂಬಿಗೆ ಹಾಲು, ಒಡೆಯಲು ತೆಂಗಿನಕಾಯಿ ಹಿಡಿದುಕೊಂಡು ಓಡೋಡಿ ಬಂದಿದ್ದಳು.

“ಬರ್ರಿ ವೈನಿ! ಗೆಲ್ತೀವಂತ ನಿಮಗ ಮೊದಲ ಗೊತ್ತಿತ್ತು ನೋಡ್ರಿ!” ಎಂದ ಜ್ಞಾನದೇವ ಕಾಯಿ ಕಸಿದು ಹೊಸ್ತಿಲಿಗೆ ಫಟ್ಟನೆ ಒಡೆದ. ಹಾಲು ಚಹಾಕ್ಕೆ ಹೋಯಿತು. ರುಕ್ಮವ್ವ ಮಾಲೆ ನೋಡಿದಳು, ನನ್ನನ್ನು ನೋಡಿದಳು, ಖಾಲಿ ತಂಬಿಗೆ ತೆಗೆದುಕೊಂಡು ತಿರುಗಿ ನಡೆದಳು.

ಹಸಿದು ಮನೆಗೆ ಬಂದೆ. ಒಲೆ ತಣ್ಣಗಿತ್ತು. ರುಕ್ಮವ್ವ ಅಡುಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಕೂತಿದ್ದಳು.

“ಯಾಕ ಬೇ, ಇಲ್ಲಿ ಕುಂತೀ?”

“ಸುಮ್ಮನ ಕುಂತೀನಿ.”

ಪಕ್ಕದ ಖೋಲಿಯ ಚನ್ನವ್ವ ಜರಡಿ ಮರಳಿಸಲು ಬಂದವಳು, ಆ ಮಾತು ಕೇಳಿ ಅಲ್ಲೇ ನಿಂತಳು. ಏನು, ಎತ್ತ ಎಂದು ಕೇಳಲಿಲ್ಲ. ಜರಡಿ ಗೋಡೆಗೆ ಆನಿಸಿ, ಸೆರಗು ಝಾಡಿಸಿ, ರುಕ್ಮವ್ವನ ಪಕ್ಕದಲ್ಲಿ ಕೂತಳು.