ಹರಿಗೋಲಿನಲ್ಲಿ ನೀತಿಶಾಸ್ತ್ರ

ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಮದರಾಸಿನಲ್ಲಿ ಕಾಲೇಜು ಇದೆಯಂತೆ. ಮೂರನೆಯ ಕ್ಲಾಸಿಗೇ ಶಾಲೆಗೆ ಶರಣು ಹೊಡೆದ ನನ್ನಂಥವರು, ಪಾಪ, ಇಷ್ಟು ದಿನ ಅದನ್ನು ಅಂದಾಜಿನ ಮೇಲೆ ನಡೆಸಿಕೊಂಡು ಬಂದಿದ್ದೇವೆ. ನನ್ನದು ಹರಿಗೋಲು ನಡೆಸುವ ಕಸುಬು. ಹಂಪಿಯ ದಡ ಮದರಾಸು ಸರ್ಕಾರದ್ದು, ಆನೆಗೊಂದಿಯ ದಡ ನಿಜಾಮರದ್ದು. ನಡುವಿನ ಹೊಳೆಯಲ್ಲಿ ಮಾತ್ರ ನನ್ನದೇ ದರ್ಬಾರು. ದುಡಿದು ಗಟ್ಟಿಯಾದ ಈ ತೋಳು ನೋಡಿ ಯಾರೂ ನನ್ನ ಓದು ಎಷ್ಟೆಂದು ಕೇಳಿದ್ದಿಲ್ಲ. ಕೇಳಿದವರು ಒಬ್ಬರೇ, ಹಾಳು ಹಂಪಿ ನೋಡಲು ಬಂದಿದ್ದ ನೀತಿಶಾಸ್ತ್ರದ ಮೇಷ್ಟ್ರು.

ಅಂದು ನನ್ನ ಮಗಳನ್ನು ನೋಡಿ ಒಪ್ಪಿದ ಬೀಗರು, ನಿಶ್ಚಿತಾರ್ಥದ ವೀಳ್ಯಕ್ಕೆ ದಿನ ಹೇಳಿಕಳಿಸುತ್ತೇವೆಂದು ಹೆಂಡತಿಯೊಡನೆ ಆನೆಗೊಂದಿಗೆ ಹೊರಟಿದ್ದರು. ಬೀಗರೆಂದರೆ ಸಾಮಾನ್ಯ ಆಳಲ್ಲ; ಅವರು ಕೂತ ಕಡೆಗೆ ಹರಿಗೋಲು ತಾನಾಗಿಯೇ ತಲೆಬಾಗುತ್ತದೆ. ಜೊತೆಗೆ ಹತ್ತಿದ ಮೇಷ್ಟ್ರು, ನೀತಿಶಾಸ್ತ್ರ ಮನುಷ್ಯನನ್ನು ತೊಳೆದು ಶುದ್ಧ ಮಾಡುತ್ತದೆ ಎಂದು ಶುರುಮಾಡಿದರು. ನಡುಹೊಳೆಯಲ್ಲಿ ನನ್ನ ಕಡೆ ತಿರುಗಿ, "ಹರಿಗೋಲು ಮುಳುಗುತ್ತಿದೆ, ಒಬ್ಬರು ಇಳಿದರೆ ಉಳಿದವರು ಬದುಕುತ್ತಾರೆ ಎನ್ನಿ. ಯಾರನ್ನು ಇಳಿಸುತ್ತೀರಿ? ದೊಡ್ಡ ಪಂಡಿತರಿಗೇ ಉತ್ತರ ಸಿಕ್ಕಿಲ್ಲ" ಎಂದರು. ಪಂಡಿತರಿಗೆ ಸಿಗದ ಉತ್ತರ ಎಂದ ಮೇಲೆ ನಾನು ಬಿಡುವೆನೇ? "ಅದಕ್ಯಾಕ್ರಿ ಪಂಡಿತರು? ಭಾಳ ತೂಕ ಇದ್ದೋರನ್ನ ಇಳಿಸಿದ್ರ ಆತು" ಎಂದೆ. "ಅವರು ನೆಂಟರಾದರೆ?" "ನಡುಹೊಳಿಯಾಗ ಎಲ್ಲಿ ನೆಂಟಸ್ತನ ತಗೀರಿ!"

ಮೇಷ್ಟ್ರು ಭೇಷ್ ಎಂದರು. ನಾನು ಮೀಸೆ ತಿರುವಿ ನೋಡಿದರೆ, ನನ್ನ ಹೆಂಡತಿ ಕಟ್ಟಿಕೊಟ್ಟ ಕರ್ಜಿಕಾಯಿ ಬೀಗರ ಬಾಯಲ್ಲಿ ಅರ್ಧಕ್ಕೇ ನಿಂತಿತ್ತು. ಬೀಗಿತ್ತಿ ಗಂಡನನ್ನೊಮ್ಮೆ, ನೀರನ್ನೊಮ್ಮೆ ನೋಡಿದರು.

"ಅಂದ್ರ ಹೆಣ್ಣು ಕೊಟ್ಟು ನನ್ನ ಹೊಳಿಗೆ ದಬ್ಬೋ ವಿಚಾರೇನ್ರಿ?" ಎಂದರು ಬೀಗರು.

"ಏ, ನಿಮ್ಮನ್ನಲ್ರೀ ಬೀಗರ! ನಿಮ್ಮಂಥಾ ಬ್ಯಾರೇದೋರನ್ನ!"

"ಇದೇ ನೋಡಿ, ತತ್ವ ಬೇರೆ, ಅನ್ವಯ ಬೇರೆ!" ಎಂದು ಮೇಷ್ಟ್ರು ಕಣ್ಣರಳಿಸಿದರು. ಒಂದು ಸಂಬಂಧ ಮುಳುಗುವಾಗ ಇಷ್ಟು ಸಂತೋಷಪಡಬೇಕಾದರೆ ಮನುಷ್ಯ ಬಹಳ ಓದಿರಬೇಕು. ಬೀಗರು ದಡ ಮುಟ್ಟಿದವರೇ ವೀಳ್ಯದ ಮಾತೆತ್ತದೆ ಹೊರಟುಹೋದರು.

ಮನೆಯಲ್ಲಿ ಮಗಳು ಮುಖ ತಿರುಗಿಸಿ ಕೂತಳು. ಹೆಂಡತಿ ಎಲ್ಲ ಕೇಳಿ, "ಅದರಾಗ ಈಜು ಬರೋರು ಯಾರ್ಯಾರಿದ್ರಿ?" ಎಂದಳು.

"ನಾ ಒಬ್ಬನ."

"ಮತ್ತ ನಾ ಇಳೀತೀನಿ ಅನ್ನಾಕ ನಿಮಗೇನು ಧಾಡಿಯಾಗಿತ್ತು?"

ಹರಿಗೋಲಿನಲ್ಲಿದ್ದವರನ್ನೆಲ್ಲ ತೂಗಿದ ನಾನು ನನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪಂಡಿತರಿಗೂ ಅದು ಹೊಳೆದಿರಲಿಲ್ಲ ಎಂಬುದೊಂದೇ ಸಮಾಧಾನ.

'ತಪ್ಪಾಯಿತು' ಎನ್ನುವ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ. ಆದರೂ ಮರುದಿನ ಬೀಗರ ಮನೆಗೆ ಹೋಗಿ, "ತಪ್ಪಾತ್ರಿ, ಇಳಿಯೋನು ನಾನ" ಎಂದೆ. "ಬರೇ ಬಾಯಾಗ ಬ್ಯಾಡ್ರಿ, ಇಳಿದು ತೋರಸ್ರಿ" ಎಂದರು ಅವರು. ವೀಳ್ಯದ ದಿನ ಹುಟ್ಟನ್ನು ತಮ್ಮನ ಕೈಗೆ ಕೊಟ್ಟು, ನಾನು ಹರಿಗೋಲಿನ ಪಕ್ಕದಲ್ಲಿ ಈಜಿದೆ. ಬೀಗರು ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ, "ಆರಾಮ ಅದೀರೇನ್ರಿ?" ಎಂದು ನಡುನಡುವೆ ವಿಚಾರಿಸುತ್ತಿದ್ದರು.

ಮೇಷ್ಟ್ರ ಮಾತು ಸುಳ್ಳೆನ್ನಲಾರೆ. ನೀತಿಶಾಸ್ತ್ರ ನನ್ನನ್ನು ಅಂದು ಎರಡು ಸಲ ತೊಳೆಯಿತು: ಬೀಗರನ್ನು ಕರೆತರುವಾಗೊಮ್ಮೆ, ಬಿಟ್ಟುಬರಲು ಹೋಗುವಾಗೊಮ್ಮೆ.