ಏಜೆಂಟ್ ನೋಡುವ ಶಾಸ್ತ್ರ

ನಗೆಪಾಟಲಾಗುವ ಸಂಗತಿಗಳು ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತವೋ ಏನೋ, ನಮ್ಮ ಮನೆಯಲ್ಲಿ ಮಾತ್ರ ಯಾವುದಾದರೂ ತೀರ್ಮಾನ ಮಾಡಲು ಕೂತಾಗಲೆಲ್ಲ ಸಾಲುಗಟ್ಟಿ ಬರುತ್ತವೆ. ಫ್ರಿಜ್ಜು ಕೊಳ್ಳುವಾಗ ಹೀಗೇ ಆಗಿತ್ತು, ಮಗಳನ್ನು ಕಾಲೇಜಿಗೆ ಸೇರಿಸುವಾಗಲೂ ಆಗಿತ್ತು. ಈ ಸಲ ಪ್ರವಾಸದ ಸರದಿ. ಹಿಮಾಚಲಕ್ಕೆ ಹೋಗುವುದು ಅಂತ ಎಲ್ಲರೂ ಒಂದೇ ಸಂಜೆಯಲ್ಲಿ ಒಪ್ಪಿಬಿಟ್ಟರು. ಏಜೆಂಟರ ಮೂಲಕ ಹೋಗಬೇಕೋ, ನಾವೇ ಹೋಗಬೇಕೋ ಎಂಬುದು ತೀರ್ಮಾನವಾಗಲು ನಾಲ್ಕು ತಿಂಗಳು ಹಿಡಿಯಿತು.

ನಾವು ಬಾಗಲಕೋಟೆ ಕಡೆಯವರು, ಪುಣೆಗೆ ಬಂದು ಎರಡು ತಲೆಮಾರಾಯಿತು. ಮನೆಯಲ್ಲಿ ನಾಲ್ಕೇ ಮಂದಿ. ರವಿವಾರ ಪೇಠೆಯಲ್ಲಿ ಚಾದರದ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ಅವರ ತಾಯಿ, ಕಾಲೇಜಿಗೆ ಹೋಗುವ ಮಗಳು, ಮತ್ತೆ ನಾನು. ನನ್ನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ಗೀಸರಿನ ಸ್ವಿಚ್ಚು

ತಳೇಗಾಂವದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಇಪ್ಪತ್ತೆರಡು ವರ್ಷದ ನೌಕರಿ. ಸಾಹೇಬರುಗಳನ್ನು ಊರೂರಿಗೆ ಕಳಿಸುವುದೇ ನನ್ನ ಕೆಲಸ. ಟಿಕೆಟ್ಟು, ಹೋಟೆಲ್ಲು, ಗಾಡಿ, ಎಲ್ಲ ನನ್ನದೇ. ಬೆಳಿಗ್ಗೆ ಲೋಕಲ್ ಹತ್ತಿ ತಳೇಗಾಂವಕ್ಕೆ ಹೋಗುತ್ತೇನೆ, ಅಲ್ಲಿ ಕೂತು ಹತ್ತು ಜನರನ್ನು ಹತ್ತು ದಿಕ್ಕಿಗೆ ಕಳಿಸುತ್ತೇನೆ, ಸಂಜೆ ಲೋಕಲ್ ಹಿಡಿದು ಮನೆಗೆ ಬರುತ್ತೇನೆ.

ಒಂದು ದಿನ ಬೆಳಿಗ್ಗೆ ಹೊಸ ಮ್ಯಾನೇಜರು ಕೊಯಮತ್ತೂರಿನ ಹೋಟೆಲಿನಿಂದ ಫೋನು ಮಾಡಿದರು. ಬಚ್ಚಲಲ್ಲಿ ನಿಂತಿದ್ದರಂತೆ. ದನಿ ಚಳಿಗೆ ನಡುಗುತ್ತಿತ್ತು.

"ಮೇಡಂ, ಗೀಸರಿನ ಸ್ವಿಚ್ಚು ಸಿಗ್ತಾ ಇಲ್ಲ."

"ಬಾಗಿಲ ಹಿಂದೆ ನೋಡಿ ಸರ್. ಟವೆಲ್ ನೇತು ಹಾಕಿರ್ತಾರೆ, ಅದನ್ನ ಸರಿಸಿ. ಕೆಂಪು ದೀಪ ಹತ್ತಲ್ಲ, ಕೆಟ್ಟಿದೆ. ಆದ್ರೆ ನೀರು ಕಾಯುತ್ತೆ."

ಆಚೆ ಕಡೆ ಟಕ್ ಅಂತ ಸದ್ದಾಯಿತು. ಆಮೇಲೆ ಅವರು ಭಯಭಕ್ತಿಯಿಂದ ಕೇಳಿದರು. "ನೀವು ಈ ರೂಮಿನಲ್ಲಿ ಇಳಿದಿದ್ರಾ ಮೇಡಂ?"

"ಇಲ್ಲ ಸರ್. ನಾನು ಸೊಲ್ಲಾಪುರದಿಂದ ಆಚೆ ನೋಡಿರೋದು ನಮ್ಮ ತವರುಮನೆ ಒಂದೇ."

ಬೈಯಲು ಒಬ್ಬ ಬೇಕು

ಹೀಗಿರುವಾಗ, ನಮ್ಮದೇ ಮನೆಯ ಪ್ರವಾಸವನ್ನು ನಾನೇ ಮಾಡಿಸುತ್ತೇನೆ ಎಂದು ನಾನು ಅಂದುಕೊಂಡಿದ್ದರಲ್ಲಿ ಏನಾದರೂ ತಪ್ಪಿದೆಯೇ? ಒಂದು ನೋಟ್‌ಬುಕ್ಕಿನಲ್ಲಿ ಹೊರಡುವ ದಿನದಿಂದ ಹಿಂತಿರುಗುವ ದಿನದ ತನಕ ಎಲ್ಲವನ್ನೂ ಬರೆದಿಟ್ಟಿದ್ದೆ. ಊಟದ ಮೇಲೆ ಆ ಪುಸ್ತಕ ತಂದು ಮುಂದಿಟ್ಟೆ. ನಮ್ಮ ಮನೆಯವರು ಅದನ್ನು ತೆರೆಯದೆ ಅದರ ಮೇಲೆ ನೀರಿನ ಲೋಟ ಇಟ್ಟರು.

"ಆಫೀಸ ಬ್ಯಾರೆ, ಸಂಸಾರ ಬ್ಯಾರೆ. ಹುಬ್ಬಳ್ಳಿ ಭಾವ ಏಜೆಂಟನ ಕಡಿಂದ ಹೋಗಿದ್ದಾ. ಏರ್‌ಪೋರ್ಟಿನಾಗ ಅವನ ಹೆಸರು ಬರದ ಬೋರ್ಡ್ ಹಿಡಕೊಂಡು ಒಬ್ಬಾವ ನಿಂತಿದ್ನಂತ. ಫೋಟೋ ತೋರ್ಸಿದ."

"ಬೋರ್ಡ್ ನಾನ ಬರದು ಹಿಡೀತೀನಿ ಬಿಡ್ರಿ."

"ಚೇಷ್ಟಿ ಬ್ಯಾಡ. ಇನ್ನೊಂದು ಮಾತು. ಏನರ ತಪ್ಪಾತು ಅಂದ್ರ ಯಾರಿಗೆ ಬೈಯೂಣು? ಏಜೆಂಟ ಇದ್ರ ಬೈಯಾಕ ಒಬ್ಬಾವ ಇರ್ತಾನ."

"ಇಷ್ಟು ವರ್ಷ ನನಗ ಬೈಯಾಕ ಏನ್ ಅಡ್ಡಿ ಬಂದಿತ್ರಿ?"

ಅವರು ಲೋಟ ಎತ್ತಿ ನೀರು ಕುಡಿದರು. ಪುಸ್ತಕದ ಮೇಲೆ ದುಂಡನೆಯ ಒದ್ದೆ ಗುರುತು ಉಳಿಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಭಾಳ ಬೇಜಾರಾಯಿತು. ಊರಿಗೆಲ್ಲ ದಾರಿ ತೋರಿಸಿದವಳನ್ನು ಮನೆಯಲ್ಲಿ ಒಂದು ಮಾತು ಕೇಳುವವರಿಲ್ಲ. ಈ ಒಂದು ಪ್ರವಾಸ ನನ್ನ ಕೈಯಿಂದಲೇ ಆಗಬೇಕು ಎಂದು ಆವತ್ತೇ ಹಟ ಹಿಡಿದೆ. ಆದರೆ ಮನೆಯಲ್ಲಿ ಕೊನೆಯ ಮಾತು ನನ್ನದೂ ಅಲ್ಲ, ಅವರದೂ ಅಲ್ಲ. ಅದು ನಮ್ಮ ಅತ್ತೆಯದು. ಅತ್ತೆ ಅಡಿಕೆ ಕತ್ತರಿಸುತ್ತ ತೀರ್ಪು ಕೊಟ್ಟರು.

"ಮೊದಲ ಏಜೆಂಟನ್ನ ಮನಿಗೆ ಕರೀರಿ. ನೋಡೂಣು, ಮನಸಿಗೆ ಬಂದ್ರ ಮುಂದಿನ ಮಾತು."

ಒಂಬತ್ತು ಸಲ

ಗಂಡು ನೋಡಿ ಅಭ್ಯಾಸವಿದ್ದವರಿಗೆ ಏಜೆಂಟನನ್ನು ನೋಡುವುದು ಏನು ಮಹಾ. ಮೂವರು ನಾದಿನಿಯರಿಗೆ ಗಂಡು ಗೊತ್ತು ಮಾಡಿದ ಅತ್ತೆ ಇಳಕಲ್ ಸೀರೆ ಉಟ್ಟು ಸೋಫಾದ ನಡುವೆ ಕೂತರು. ಮೊದಲ ಏಜೆಂಟ್ ಬಂದ. ಬಣ್ಣದ ಚಿತ್ರಗಳ ಪುಸ್ತಕ ಬಿಚ್ಚುವ ಮೊದಲೇ ಅವನ ಮುಂದೆ ಒಗ್ಗರಣೆ ಅವಲಕ್ಕಿಯ ತಾಟು ಬಂತು, ಅದರ ಹಿಂದೆ ಪ್ರಶ್ನೆಗಳು ಬಂದವು. ಮೂಲ ಊರು ಯಾವುದು, ತಂದೆ ಏನು ಮಾಡುತ್ತಿದ್ದರು, ಅಣ್ಣತಮ್ಮಂದಿರು ಕೂಡಿ ಇದ್ದಾರೋ ಬೇರೆ ಇದ್ದಾರೋ. ಆತ ಅವಲಕ್ಕಿ ನುಂಗುತ್ತ ಎಲ್ಲದಕ್ಕೂ ಉತ್ತರ ಕೊಟ್ಟ. ಮಂಜು ಬಿದ್ದರೆ ಏನು, ಗಾಡಿ ತಡವಾದರೆ ಏನು, ಊಟ ಹಿಡಿಸದಿದ್ದರೆ ಏನು ಎಂದು ಕೇಳಿದ್ದಕ್ಕೆಲ್ಲ ಅವನದು ಒಂದೇ ಮಾತು. "ಕಾಳಜಿ ಕರೂ ನಕಾ, ಆಜಿ." ಕಾಳಜಿ ಮಾಡಬೇಡಿ, ಅಜ್ಜಿ.

ನಮ್ಮ ಮನೆಯವರಿಗೆ ಅವನು ಬಹಳ ಹಿಡಿಸಿದ. ಅವನನ್ನು ಬಾಗಿಲ ತನಕ ಕಳಿಸಿ ಬಂದು, "ಹೆಂಗ ಅನಿಸ್ತವ್ವಾ?" ಎಂದು ಕೇಳಿದರು.

"ಬ್ಯಾಡ," ಅಂದರು ಅತ್ತೆ. "ಕಾಳಜಿ ಮಾಡಬ್ಯಾಡ ಅಂತ ಒಂಬತ್ತ ಸಲ ಅಂದ. ಮೂರನೇ ಸಲದ ಮಟಾ ನನಗ ಕಾಳಜಿ ಇದ್ದಿದ್ದಿಲ್ಲ."

ಬರೀ ಗುಡ್ಡ

ಮಗಳು ಸಿಟ್ಟಿಗೆದ್ದಳು. ಈಗಿನ ಕಾಲದಲ್ಲಿ ಏಜೆಂಟ್ ಯಾಕೆ, ಫೋನಿನಲ್ಲಿ ಹೋಟೆಲಿನ ಬಗ್ಗೆ ಹೋಗಿ ಬಂದವರೇ ಬರೆದಿರುತ್ತಾರೆ, ಓದಿ ನಾವೇ ಆರಿಸೋಣ ಎಂದಳು. ಒಂದು ಹೋಟೆಲು ತೆಗೆದು ಓದತೊಡಗಿದಳು. ಒಬ್ಬ ಮಹಾನುಭಾವ ಬರೆದಿದ್ದ: ಹಾಸಿಗೆ ಗಟ್ಟಿ, ಚಹಾ ತೆಳು, ಬಾಲ್ಕನಿಗೆ ಬಂದರೆ ಎತ್ತ ನೋಡಿದರೂ ಬರೀ ಗುಡ್ಡ.

"ಹಿಮಾಚಲಕ್ಕ ಹೋಗಿ ಮತ್ತೇನ್ ಸಮುದ್ರ ನೋಡಾಂವ ಇದ್ನೇನ ಇಂವಾ?" ಅಂದರು ಅತ್ತೆ. ಫೋನು ಮುಚ್ಚಿತು.

ಹತ್ತು ನಿಮಿಷದ ಪ್ರವಾಸ

ಎರಡನೆಯ ಏಜೆಂಟನನ್ನು ಪರೀಕ್ಷೆ ಮಾಡಿಯೇ ನೋಡೋಣ ಎಂದು ನಮ್ಮ ಮನೆಯವರು ಅವನ ಒಂದು ದಿನದ ಬಸ್ ಪ್ರವಾಸಕ್ಕೆ ಹೆಸರು ಕೊಟ್ಟರು. ಭೋರ್ ಕಡೆಯ ಗುಡಿಗಳು, ಘಾಟು, ಕೆರೆ, ಕೋಟೆಯ ಬುಡ, ಒಟ್ಟು ಹನ್ನೊಂದು ಸ್ಥಳ. ಏಜೆಂಟನ ಕೊರಳಲ್ಲಿ ಒಂದು ಸೀಟಿ ಜೋತಾಡುತ್ತಿತ್ತು. ಎಲ್ಲಿ ಇಳಿದರೂ "ಹತ್ತೇ ನಿಮಿಷ" ಅನ್ನುವನು, ಎಂಟನೆಯ ನಿಮಿಷಕ್ಕೆ ಸೀಟಿ ಊದುವನು. ಕೆರೆಯ ದಂಡೆಯಲ್ಲಿ ಮಗಳು ಒಂದು ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಬಿಡುವಷ್ಟರಲ್ಲಿ ಸೀಟಿ ಕೂಗಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಈಶ್ವರನ ಗುಡಿಗೆ ಬಂದೆವು. ಅತ್ತೆ ಎಲ್ಲೇ ಹೋದರೂ ಐದು ಸುತ್ತು ಪ್ರದಕ್ಷಿಣೆ ಹಾಕುವವರು. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಸೀಟಿ ಕೇಳಿತು. ಏಜೆಂಟ್ ಬಂದು, ಬಸ್ಸು ಹೊರಟಿತು, ಉಳಿದದ್ದನ್ನು ಮುಂದೆಲ್ಲಾದರೂ ಮಾಡಿ ಅಜ್ಜಿ, ಎಂದ.

ಅತ್ತೆ ಕೈಮುಗಿದುಕೊಂಡೇ ಗುಡಿಯಿಂದ ಇಳಿದು ಬಂದು, ಮುಗಿದ ಕೈ ಬಿಡದೆ ಬಸ್ಸಿಗೆ ಸುತ್ತು ಹಾಕತೊಡಗಿದರು. "ಏನ್ ಮಾಡಾಕತ್ತೀರಿ?" ಎಂದು ನಾನು ಗಾಬರಿಯಿಂದ ಕೇಳಿದರೆ, "ಎರಡ ಉಳದಾವ. ಇಲ್ಲೇ ಮುಗಿಸ್ತೀನಿ," ಅಂದರು. ಇದನ್ನು ಕಂಡ ಇಬ್ಬರು ಹೆಂಗಸರು ಘಾಟಿನಲ್ಲಿ ಅಪಘಾತವಾಗದಿರಲಿ ಅಂತ ಇದೊಂದು ಪದ್ಧತಿ ಇರಬೇಕು ಎಂದುಕೊಂಡು ಸೀಟಿನಿಂದ ಇಳಿದು ಬಂದು ಹಿಂದೆ ಸೇರಿಕೊಂಡರು. ಅವರ ಹಿಂದೆ ಅವರ ಗಂಡಂದಿರು ಬಂದರು. ನೋಡನೋಡುತ್ತ ಇಡೀ ಬಸ್ಸು ಕೆಳಗಿಳಿದು ಬಸ್ಸನ್ನು ಸುತ್ತುತ್ತಿತ್ತು. ಡ್ರೈವರು ಎಂಜಿನ್ ಆರಿಸಿ ಮುಂದಿನ ಗಾಜಿಗೆ ಎರಡು ಊದಿನಕಡ್ಡಿ ಹಚ್ಚಿದ. ಏಜೆಂಟ್ ಒಂದು ಗಳಿಗೆ ನಿಂತು ನೋಡಿ, ತನ್ನೊಬ್ಬನಿಂದ ಎಲ್ಲರಿಗೂ ಕೇಡಾದೀತು ಅನಿಸಿತೇನೋ, ಬೂಟು ಬಿಚ್ಚಿಟ್ಟು ಕೊನೆಯಲ್ಲಿ ಸೇರಿಕೊಂಡ.

ಆವತ್ತು ಹನ್ನೊಂದು ಸ್ಥಳಗಳಲ್ಲಿ ನಾವು ಸಮಾಧಾನವಾಗಿ, ಸುತ್ತಲೂ ತಿರುಗಿ, ಕಣ್ತುಂಬ ನೋಡಿದ್ದು ಆ ಬಸ್ಸು ಒಂದನ್ನೇ.

ಬಾಯಿ ಬಿಡದ ಹೆಂಗಸು

ಮೂರನೆಯ ಏಜೆಂಟನ ಅಂಗಡಿ ಹೊಸದು. ಇದೇ ಕೊನೆ, ಇಲ್ಲಿ ಆಗಲೇಬೇಕು ಎಂದು ನಮ್ಮ ಮನೆಯವರು ನಿರ್ಧಾರ ಮಾಡಿಕೊಂಡೇ ಹೊರಟಿದ್ದರು. ಅತ್ತೆಯೂ ಒಂದು ಕರಾರು ಹಾಕಿದರು. "ನಂದೊಂದು ಪ್ರಶ್ನಿ ಅದ. ಅಲ್ಲೇ ಕೇಳ್ತೀನಿ. ಅದಕ್ಕ ಯಾರು ಸರಿಯಾಗಿ ಉತ್ತರ ಕೊಡ್ತಾರ, ಅವರ ಮಾತಿನಂಗ ಹೋಗೂಣು."

ಮೆಟ್ಟಿಲಿಳಿಯುವಾಗ ನಮ್ಮ ಮನೆಯವರು ನನ್ನನ್ನು ತಡೆದು ನಿಲ್ಲಿಸಿದರು. "ನೋಡು, ನೀ ಅಲ್ಲಿ ಬಾಯಿ ಹಾಕಬ್ಯಾಡ. ನಿನ್ನ ಆಫೀಸಿನ ಶಾಣೇತನಾ ಸುರು ಮಾಡಿದ್ರ ಅವಂಗ ಮಾತಾಡಾಕ ಸಂದ ಸಿಗೂದಿಲ್ಲ. ಮಾತು ಕೊಡು."

"ಆತ್ರಿ. ಬಾಯಿ ಬಿಡೂದಿಲ್ಲ," ಅಂದೆ. ನೋಟ್‌ಬುಕ್ಕು ಬ್ಯಾಗಿನಲ್ಲೇ ಇತ್ತು. ಆದರೆ ಕೊಟ್ಟ ಮಾತು ಕೊಟ್ಟಂತೆ.

ಏಜೆಂಟ್ ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ಮರಾಠಿಯಲ್ಲಿ ಚೆನ್ನಾಗಿ ಮಾತಾಡಿದ. ಆ ದನಿ ಎಲ್ಲೋ ಕೇಳಿದ ಹಾಗಿತ್ತು, ಏಜೆಂಟರ ದನಿಯೆಲ್ಲ ಒಂದೇ ಥರ ಎಂದು ಸುಮ್ಮನಾದೆ. ಅವನು ಹೇಳಿದ್ದಕ್ಕೆಲ್ಲ ನಮ್ಮ ಮನೆಯವರು ತಲೆಯಾಡಿಸಿದರು. ನಾನು ಗೋಡೆಯ ಮೇಲಿನ ಹಿಮದ ಚಿತ್ರ ನೋಡುತ್ತ ಕೂತೆ. ಎಲ್ಲ ಮುಗಿದು ಅವನು ಅರ್ಜಿಯ ಕಾಗದ ಮುಂದೆ ಸರಿಸಿದಾಗ, ಅತ್ತೆ ಅದರ ಮೇಲೆ ಕೈಯಿಟ್ಟು ತಮ್ಮ ಪ್ರಶ್ನೆ ಕೇಳಿದರು.

"ಗುಡ್ಡದ ಸಣ್ಣ ರೈಲು ಹತ್ತಾಕ ದೊಡ್ಡ ರೈಲಿನಿಂದ ಇಳೀಬೇಕಲ್ಲ, ಅಲ್ಲೆ ಎಷ್ಟು ಮೆಟ್ಟಲ ಅದಾವು? ನನಗ ಮೊಣಕಾಲ ನೋವದ. ಲೆಕ್ಕ ಹೇಳು." ಅವಸರದಲ್ಲಿ ಕನ್ನಡದಲ್ಲೇ ಕೇಳಿ, ಆಮೇಲೆ ಮರಾಠಿಯಲ್ಲಿ ಇನ್ನೊಮ್ಮೆ ಕೇಳಿದರು.

ಅವನ ಪುಸ್ತಕದಲ್ಲಿ ಹಿಮವಿತ್ತು, ಸೇಬಿನ ತೋಟವಿತ್ತು, ಮೆಟ್ಟಿಲುಗಳಿರಲಿಲ್ಲ. ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು.

"ಒಂದು ನಿಮಿಷ ಅಜ್ಜಿ. ತಳೇಗಾಂವದಲ್ಲಿ ಒಬ್ಬರು ಮೇಡಂ ಇದ್ದಾರೆ, ಕಂಪನಿಯಲ್ಲಿ. ಇಂಥದ್ದೆಲ್ಲ ನಾವು ಅವರನ್ನೇ ಕೇಳೋದು. ಅವರಿಗೆ ಗೊತ್ತಿಲ್ಲದ್ದಿಲ್ಲ."

ಫೋನು ಒತ್ತಿದ. ನನ್ನ ತೊಡೆಯ ಮೇಲಿದ್ದ ಬ್ಯಾಗು ರಿಂಗಾಗತೊಡಗಿತು.

ದನಿ ಎಲ್ಲಿಯದು ಎಂದು ಆಗ ನೆನಪಾಯಿತು. ನಮ್ಮ ಕಂಪನಿಯ ಟಿಕೆಟ್ಟು ನೋಡುವ ಏಜೆನ್ಸಿಯಲ್ಲಿ ಮೊದಲು ಇದ್ದವನು ಇವನು. ವರ್ಷಗಟ್ಟಲೆ ಮಾತಾಡಿದ್ದೆವು, ಮುಖ ಮಾತ್ರ ನೋಡಿರಲಿಲ್ಲ. ಪಾಪ, ಅವನಿಗೆ ಏನೂ ತಿಳಿಯಲಿಲ್ಲ. "ನಿಮ್ಮ ಫೋನು ಬರ್ತಿದೆ, ಎತ್ತಿ ತಾಯಿ," ಎಂದು ನನಗೆ ಕೈಸನ್ನೆ ಮಾಡಿ, ತನ್ನ ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನಿಂತ. ನಾನು ಏನು ಮಾಡಲಿ ಎಂದು ಅತ್ತೆಯ ಮುಖ ನೋಡಿದೆ. ಅತ್ತೆಗೆ ಆಗಲೇ ಎಲ್ಲ ಗೊತ್ತಾಗಿತ್ತು.

"ಎತ್ತವ್ವಾ," ಅಂದರು ಮೆಲ್ಲಗೆ. "ಪಾಪ, ಅವನ ಎದುರಿಗೆ ಗಿರಾಕಿ ಕುಂತಾವ."

ಎತ್ತಿದೆ. ಬಾಯಿ ಬಿಡುವಂತಿಲ್ಲವಲ್ಲ, ಕಿವಿಗೆ ಇಟ್ಟುಕೊಂಡು ಸುಮ್ಮನೆ ಕೂತೆ. ನಾನು ಸುಮ್ಮನಿದ್ದರೆ ಕೇಳುತ್ತಿದ್ದೇನೆ ಎಂದು ಅವನಿಗೆ ರೂಢಿಯಿಂದ ಗೊತ್ತು.

"ನಮಸ್ಕಾರ ಮೇಡಂ, ಒಂದು ಫ್ಯಾಮಿಲಿ ಬಂದು ಕೂತಿದೆ," ಎಂದು ಅವನು ಪಿಸುಮಾತಿನಲ್ಲಿ ಶುರು ಮಾಡಿದ. ಅಷ್ಟು ಸಣ್ಣ ಅಂಗಡಿಯಲ್ಲಿ ಪಿಸುಮಾತೂ ಎಲ್ಲರಿಗೂ ಕೇಳುತ್ತದೆ. "ಅಜ್ಜಿ ಭಾರಿ ಜೋರು, ವಕೀಲರ ಹಾಗೆ ಕೇಳ್ತಾರೆ. ಯಜಮಾನರಿಗೆ ಏನೂ ಗೊತ್ತಿಲ್ಲ, ಎಲ್ಲದಕ್ಕೂ ಹೂಂ ಅಂತಾರೆ. ಹೆಂಡತಿ ಪಾಪದವರು, ಬಾಯೇ ಬಿಡೋದಿಲ್ಲ. ಮನೆ ಬಿಟ್ಟು ಹೊರಗೆ ಓಡಾಡಿದವರಲ್ಲ ಅನಿಸುತ್ತೆ."

ನಾನು ನಮ್ಮ ಮನೆಯವರನ್ನು ನೋಡಿದೆ. ಅವರು ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು.

"ಮಾತಾಡು," ಅಂದರು.

"ಮೆಟ್ಟಿಲು ಇಲ್ಲ," ಎಂದೆ ನಾನು ಮರಾಠಿಯಲ್ಲಿ, ಫೋನಿಗೆ. "ಎರಡೂ ರೈಲು ಒಂದೇ ಮಟ್ಟದಲ್ಲಿ ನಿಲ್ಲುತ್ತವೆ, ನಡೆದುಕೊಂಡೇ ಹೋಗಬಹುದು. ಆದರೆ ಅಜ್ಜಿಗೆ ಹಿಂದಿನ ಡಬ್ಬಿಯಲ್ಲಿ ಸೀಟು ಕೊಟ್ಟರೆ ನಡೆಯುವುದು ಜಾಸ್ತಿಯಾಗುತ್ತದೆ. ಮತ್ತೆ, ಆ ಹೆಂಡತಿ ಬಾಯಿ ಬಿಡುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟು ಬಂದಿದ್ದಳು. ಈಗ ಅಪ್ಪಣೆಯಾಗಿದೆ."

ಒಂದೇ ದನಿ ಎರಡು ಕಡೆಯಿಂದ ಬಂದಾಗ ಅವನು ಬಹಳ ನಿಧಾನವಾಗಿ ಈ ಕಡೆ ತಿರುಗಿದ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಮೊದಲು ನನ್ನನ್ನು ನೋಡಿದ, ಆಮೇಲೆ ಬ್ಯಾಗನ್ನು ನೋಡಿದ. ಆಮೇಲೆ ತನ್ನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, "ನೀವು ಈ ಕಡೆ ಕೂತುಕೊಳ್ಳಿ ಮೇಡಂ," ಎಂದ.

ಕೂತೆ. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಕುರ್ಚಿಗಳಲ್ಲಿ ಕೂತಿದ್ದೇನೆ, ಅಷ್ಟು ಹಿತವಾದ ಕುರ್ಚಿ ಇನ್ನೊಂದಿಲ್ಲ. ಏಜೆಂಟ್ ಪಕ್ಕದಲ್ಲಿ ನಿಂತು ನನ್ನ ಪುಟಗಳನ್ನು ನೋಡಿ ಬರೆದುಕೊಳ್ಳತೊಡಗಿದ. ಮಗಳು ಫೋಟೋ ತೆಗೆದಳು. ಅತ್ತೆ ಮೊಣಕಾಲು ನೀವಿಕೊಳ್ಳುತ್ತ, ಕೆಳಗಿನ ಬರ್ತು, ಕಮೋಡು, ಏಕಾದಶಿಯ ಫಲಾಹಾರ ಎಂದು ಒಂದೊಂದೇ ಕೇಳಿದರು. ಒಂದೊಂದಕ್ಕೂ ನಾನು ಪುಟ ತಿರುಗಿಸಿ ಉತ್ತರ ಕೊಟ್ಟೆ.

ನಮ್ಮ ಮನೆಯವರು ಎದುರಿನ ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದರು. ಕೊನೆಗೆ ಸ್ವಲ್ಪ ಮುಂದೆ ಬಾಗಿದರು.

"ಮೇಡಂ, ಕಿಡಕಿ ಬಾಜೂದ ಸೀಟ ಒಂದು ಸಿಗಬಹುದೇನ್ರಿ?"

"ಕೂಡ್ರಿ, ನೋಡೂಣು," ಅಂದೆ, ಪುಸ್ತಕದಿಂದ ತಲೆಯೆತ್ತದೆ. "ಹಿರಿಯರದು ಇನ್ನೂ ಮುಗದಿಲ್ಲ."