ಪೊರೆ ತೆಗೆಸಲು ಜೊತೆಗೊಬ್ಬರು

ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ಕಲ್ಯಾಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ಕಣ್ಣಿಗೆ ಡ್ರಾಪ್ಸ್ ಹಾಕುವವನು ನಾನು. ಅಲ್ಲಿ ಕನ್ನಡ ಬರುವವನು ನಾನೊಬ್ಬನೇ. ಹೆಂಡತಿ ತೀರಿಕೊಂಡ ಮೇಲೆ ಡೊಂಬಿವಲಿಯ ಮನೆಯಲ್ಲೂ ನಾನೊಬ್ಬನೇ. ಹಾಗಾಗಿ ನಗುವುದೆಲ್ಲ ಡ್ಯೂಟಿಯಲ್ಲೇ ಮುಗಿಸಿಕೊಳ್ಳುತ್ತಿದ್ದೆ.

ಮೋತಿ

ಘಣಸೋಲಿಯಲ್ಲಿ ಗಾರೆ ಕೆಲಸ ಮಾಡುವ, ವಿಜಯಪುರ ಕಡೆಯವನೊಬ್ಬ ಬಂದ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಮೋತಿಬಿಂದು ಆಹೇ" ಎಂದರು. ಕಣ್ಣಿನ ಪೊರೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಆದರೆ ಅವನ ಊರಲ್ಲಿ ಮೋತಿ ಎಂದರೆ ಮುಖ. ಸಿಟ್ಟಿನಿಂದ ನನ್ನತ್ತ ತಿರುಗಿದ.

"ಕಣ್ಣು ಕಾಣವಲ್ದು ಅಂತ ಬಂದ್ರ, ಇವ್ರು ನನ್ನ ಮೋತಿಗೆ ಹೆಸರಿಡಾಕತ್ತಾರಲ್ರೀ!"

ಧೋಬಿ

ಖಾರಘರದ ಹೋಟೆಲ್ ಯಜಮಾನರೊಬ್ಬರಿಗೆ ಧೋಬಿಯ ಮೇಲೆ ಸದಾ ಕೋಪ. ಬಿಳಿ ಅಂಗಿ ಕೊಟ್ಟರೆ ಹಳದಿ ಮಾಡಿ ತರುತ್ತಾನಂತೆ. ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡು ವಾರದ ನಂತರ ಬಂದಾಗ ಅಂಗಿ ಮುಟ್ಟಿ ತೋರಿಸಿದರು.

"ಆಪರೇಷನ್ ಹೇಗಾಯ್ತೋ ದೇವರಿಗೇ ಗೊತ್ತು. ಆ ಧೋಬಿಗೆ ಮಾತ್ರ ಕಡೆಗೂ ಬುದ್ಧಿ ಬಂತು ಮಾರಾಯ್ರೇ!"

ಬಾಡಿಗೆಯವ

ಡೊಂಬಿವಲಿಯಲ್ಲೇ ಇದ್ದ ಉಡುಪಿ ಕಡೆಯ ಅಕ್ಕ ಒಬ್ಬರು ಆಪರೇಷನ್ ಆಗಿ ಎರಡು ವರ್ಷಕ್ಕೆ ಮತ್ತೆ ಬಂದರು. "ನೀವು ಹಾಕಿದ ಲೆನ್ಸ್ ಹಾಳಾಗಿದೆ, ಬದಲಿಸಿ ಕೊಡಿ" ಎಂದು ಜಗಳಕ್ಕೇ ನಿಂತರು. ಡಾಕ್ಟರು ಕಣ್ಣು ನೋಡಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಲೆನ್ಸ್ ಚೆನ್ನಾಗಿಯೇ ಇದೆ ಅಕ್ಕ. ಅದನ್ನು ಕೂರಿಸಿದ ತೆಳು ಚೀಲ ನಿಮ್ಮ ಕಣ್ಣಿನದೇ. ಅಲ್ಲಿ ಉಳಿದ ಜೀವಕಣಗಳು ಬೆಳೆದು ಲೆನ್ಸಿನ ಹಿಂದೆ ಹಬ್ಬಿವೆ. ಲೇಸರಿನಲ್ಲಿ ಒಂದು ಕಿಂಡಿ ಮಾಡಿದರೆ ಆಯಿತು."

"ಅಂದ್ರೆ ಬಾಡಿಗೆಯವ ಒಳ್ಳೆಯವ, ರೂಮು ನಂದೇ ಹಾಳು!"

"ಜೊತೆಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಒಬ್ಬರೇ ಹೋಗುವಂತಿಲ್ಲ, ಅದು ಆಸ್ಪತ್ರೆಯ ನಿಯಮ. ಹಾಗೆಂದು ಹೇಳಿದೆ.

"ಜೊತೆಗೆ ಜನ ಇದ್ದಿದ್ರೆ ಈ ಕಣ್ಣಿನ ಉಸಾಬರಿ ನನಗೆ ಯಾಕೆ? ಅವರೇ ನೋಡಿ ಹೇಳ್ತಿದ್ರು!" ಎಂದು ಎದ್ದು ಹೋದರು.

ವಿಠ್ಠಲವಾಡಿ

ಅಂದು ನನಗೆ ನಗು ಬರಲಿಲ್ಲ. ಹೆಂಡತಿ ಇದ್ದಾಗ ನಾನೂ ಒಂದು ಕಣ್ಣಿನ ಪೊರೆ ತೆಗೆಸಿದ್ದೆ; ಆ ಲೆನ್ಸಿನ ಹಿಂದೆಯೂ ಮಬ್ಬು ಕಟ್ಟಿ ತಿಂಗಳುಗಳಾಗಿತ್ತು. ಜೊತೆಗೆ ಬರುವವರಿಲ್ಲದೆ ನಾನೂ ಮುಂದೂಡುತ್ತಿದ್ದೆ. ಅಕ್ಕನಿಗೆ ಫೋನ್ ಮಾಡಿದೆ: "ನಿಮ್ಮ ಜೊತೆಗೆ ನಾನು, ನನ್ನ ಜೊತೆಗೆ ನೀವು. ಆಗಬಹುದಾ?"

ರಜೆ ಹಾಕಿ ರೋಗಿಯಾಗಿ ಹೋದೆ. ಕೌಂಟರಿನವಳು "ಸೋಬತ್ ಕೋಣ್?" ಎಂದು, ಜೊತೆಗೆ ಯಾರೆಂದು ಕೇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದೆವು. ನಿಯಮದಲ್ಲಿ ತಪ್ಪಿರಲಿಲ್ಲ.

ಲೇಸರ್ ಮುಗಿಸಿ ಹೊರಗೆ ಬಂದರೆ ಬಿಸಿಲಿಗೆ ಇಬ್ಬರಿಗೂ ಕಣ್ಣು ಬಿಡಲಾಗದು. ನಾನು ಅಕ್ಕನ ಕೈ ಹಿಡಿದೆ, ಅಕ್ಕ ನನ್ನನ್ನು ನಂಬಿದರು. ಸ್ಟೇಷನ್ನಿನಲ್ಲಿ ಇಂಡಿಕೇಟರ್ ಬೋರ್ಡು ಓದದೆ ಬಂದ ಲೋಕಲ್ ಗಾಡಿ ಹತ್ತಿದೆವು. ಡೊಂಬಿವಲಿ ಬರುತ್ತದೆಂದು ಕಾದರೆ, "ಪುಢೀಲ ಸ್ಟೇಷನ್ ವಿಠ್ಠಲವಾಡಿ" ಎಂದಿತು ಗಾಡಿ. ಮುಂದಿನ ಸ್ಟೇಷನ್ ವಿಠ್ಠಲವಾಡಿ ಎಂದರೆ, ನಾವು ಡೊಂಬಿವಲಿಗೆ ಬೆನ್ನು ಹಾಕಿ ಹೊರಟಿದ್ದೆವು.

ವಿಠ್ಠಲವಾಡಿಯ ಬೆಂಚಿನ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಡ್ಯೂಟಿಯ ಹೊರಗೆ ಹಾಗೆ ನಕ್ಕು ನನಗೆ ವರ್ಷಗಳಾಗಿದ್ದವು. ಈ ಪೊರೆ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದು ನೆನಪಾಗಿ ಸಂಕಟವಾಯಿತು.

"ಅಕ್ಕ, ನಿಮ್ಮ ಇನ್ನೊಂದು ಕಣ್ಣು ಹೇಗುಂಟು?"

ಅಕ್ಕ ಸ್ವಲ್ಪ ಯೋಚಿಸಿದರು. "ಅದೂ ಮಬ್ಬೇ ಮಾರಾಯ್ರೇ. ನಿಮ್ಮದು?"

"ನನ್ನದೂ ಮಬ್ಬೇ" ಎಂದೆ.

ಬೆಳಿಗ್ಗೆಯಷ್ಟೇ ಡಾಕ್ಟರು ಇಬ್ಬರ ಇನ್ನೊಂದು ಕಣ್ಣನ್ನೂ ನೋಡಿ, ಗಾಜಿನಂತೆ ತಿಳಿಯಾಗಿದೆ ಎಂದಿದ್ದರು. ಅಕ್ಕನಿಗೆ ಅದನ್ನು ಕನ್ನಡದಲ್ಲಿ ಹೇಳಿದವನು ನಾನೇ.